ಅತ್ತೆಯನ್ನು ನೋಡಿಕೊಳ್ಳುವ ಸೊಸೆ ನಿರುದ್ಯೋಗಿಯೇ?

ಸಂಸಾರದ ನಡುವೆ ತಡವಾಗಿ ಡಿಗ್ರಿ ಮುಗಿಸಿ, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ನಿಂತವರು ಯುವನಿಧಿಯಂಥ ನಿರುದ್ಯೋಗ ಭತ್ಯೆ ತೆಗೆದುಕೊಳ್ಳುವುದು ಸರಿಯೇ? ಇಬ್ಬರು ಬರೆದಿದ್ದಾರೆ.

ಪರ: ಫಾರ್ಮ್ ಕೇಳಿದ್ದಕ್ಕೆ ನಿಜವನ್ನೇ ಹೇಳಿದೆ

ಬಿ.ಕಾಂ. ಕೊನೆಯ ಸೆಮಿಸ್ಟರ್ ಬರೆಯುವಾಗ ನನಗೆ ನಲವತ್ತೊಂದು. ಮಗಳು ಆಗ ಎಸ್ಸೆಸ್ಸೆಲ್ಸಿ. ಒಂದೇ ಟ್ಯೂಬ್‌ಲೈಟಿನ ಕೆಳಗೆ ಅವಳದು ಗಣಿತ, ನನ್ನದು ಕಾಸ್ಟ್ ಅಕೌಂಟಿಂಗ್. ಸಂಜೆ ಕಾಲೇಜಿನ ಹುಡುಗರು ಮೊದಮೊದಲು ‘ಆಂಟಿ’ ಅನ್ನುತ್ತಿದ್ದರು. ನನ್ನ ನೋಟ್ಸ್ ನೋಡಿದ ಮೇಲೆ ‘ಅಕ್ಕ’ ಆದೆ. 2023ರಲ್ಲಿ ಪಾಸಾದೆ. ಒಬ್ಬ ಆಡಿಟರ್ ಹತ್ತಿರ ಕೆಲಸ ಸಿಕ್ಕೇಬಿಟ್ಟಿತ್ತು. ಸೇರಬೇಕಾದ ವಾರವೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತೂ ತೊದಲಿತು.

ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಅವರು ಮನೆಯಲ್ಲಿ ಕೂತರೆ ಒಲೆ ಹತ್ತುವುದಿಲ್ಲ. ಹಾಗಾದರೆ ಕೂರುವವರು ಯಾರು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಉತ್ತರ ಎಲ್ಲರಿಗೂ ಗೊತ್ತಿತ್ತು. ಹೋಮ್ ನರ್ಸ್ ವಿಚಾರಿಸಿದೆವು. ಹಗಲು ಹನ್ನೆರಡು ಗಂಟೆಗೆ ತಿಂಗಳಿಗೆ 18,000 ಅಂದರು. ಆಡಿಟರ್ ಕೊಡುತ್ತೇನೆ ಅಂದಿದ್ದು 14,000. ಕಾಸ್ಟ್ ಅಕೌಂಟಿಂಗ್ ಓದದವರಿಗೂ ಬರುವ ಲೆಕ್ಕ ಇದು.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. 2022-23ರಲ್ಲಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಇಲ್ಲದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಕೆಲಸ ಸಿಗುವವರೆಗೆ, ಇಲ್ಲವೇ ಎರಡು ವರ್ಷದವರೆಗೆ. ಮಗಳೇ ಸೇವಾ ಸಿಂಧುವಿನಲ್ಲಿ ಅರ್ಜಿ ತುಂಬಿದಳು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 1998 ಅಂತ ನೋಡಿ, ‘ಅಮ್ಮಾ, ಇದು ಸ್ಕ್ಯಾನ್ ಆಗುತ್ತಾ?’ ಅಂತ ನಕ್ಕಳು.

ನೆಂಟರಿಗೂ ನಗು ಬಂತು. ‘ನಲವತ್ತೆರಡಕ್ಕೆ ಯುವನಿಧೀನಾ?’ ಅಂದರು. ಯೋಜನೆಯ ಹೆಸರು ಏನೇ ಇರಲಿ, ಅದರ ಅಳತೆಗೋಲು ಪಾಸಾದ ವರ್ಷ. ಮದುವೆ, ಬಾಣಂತನ, ಮಗುವಿನ ಸ್ಕೂಲು ಎಲ್ಲ ದಾಟಿ ಓದುವವರು ತಡವಾಗಿಯೇ ಪಾಸಾಗುತ್ತಾರೆ. ಪಶ್ಚಿಮ ಬಂಗಾಳ 2013ರಲ್ಲಿ ತಂದ ಇಂಥದೇ ನಿರುದ್ಯೋಗ ಭತ್ಯೆ ಯುವಶ್ರೀಯಲ್ಲಿ 45 ವರ್ಷದವರೆಗೂ ಅವಕಾಶ ಇಟ್ಟಿದ್ದರು. ಅಲ್ಲಿ ಹುಟ್ಟಿದ್ದರೆ ನಾನಿನ್ನೂ ಹುಡುಗಿ! ಇನ್ನು ನಮ್ಮ ಸರ್ಕಾರಿ ನೇಮಕಾತಿಯ ವಯಸ್ಸಿನ ಮಿತಿ ಬಹುಕಾಲ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40 ಅಂತಿತ್ತು. ಆಗಾಗ ಸಡಿಲಿಸಿದ್ದಾರೆ, ನಿಜ. ಆದರೂ ನಾನು ಡಿಗ್ರಿ ಹಿಡಿದು ಹೋಗುವ ಹೊತ್ತಿಗೆ ಆ ಬಾಗಿಲಿಗೆ ಚಿಲಕ ಬಿದ್ದಿತ್ತು. ಬಾಗಿಲು ಹಾಕುವಾಗ ವಯಸ್ಸಾಯಿತು ಅನ್ನುತ್ತೀರಿ, ಭತ್ಯೆ ಕೇಳುವಾಗಲೂ ವಯಸ್ಸಾಯಿತು ಅನ್ನುತ್ತೀರಿ.

ವಯಸ್ಸಿಗಿಂತ ಗಟ್ಟಿಯಾದ ತಕರಾರು ಇನ್ನೊಂದಿದೆ. ‘ನೀನು ಕೆಲಸ ಹುಡುಕ್ತಾನೇ ಇಲ್ವಲ್ಲ, ನಿರುದ್ಯೋಗಿ ಹೇಗಾಗ್ತೀಯ?’ ಇದನ್ನು ಕೇಳಿದ್ದು ನನ್ನ ತಮ್ಮನೇ. ನಾನು ಅವನಿಗೆ ಫಾರ್ಮ್ ತೋರಿಸಿದೆ. ಸರ್ಕಾರಿ ಅಥವಾ ಖಾಸಗಿ ಕೆಲಸ ಇದೆಯಾ? ಇಲ್ಲ. ಸ್ವಂತ ಉದ್ಯೋಗ? ಇಲ್ಲ. ಮುಂದೆ ಓದುತ್ತಿದ್ದೀರಾ? ಇಲ್ಲ. ಇಷ್ಟಕ್ಕೇ ಸ್ವಯಂ ಘೋಷಣೆ. ಎಲ್ಲದಕ್ಕೂ ನಿಜವನ್ನೇ ಹೇಳಿದೆ. ಒಂದು ಸಲ ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು, ‘ಅಮ್ಮಾ, ತಿಂಗಳಿಗೆ ಎರಡು ಸಾವಿರ ಕೊಡ್ತೀನಿ, ಜಿಎಸ್‌ಟಿ ಲೆಕ್ಕ ನೋಡ್ಕೊಳ್ತೀರಾ?’ ಅಂದರು. ಬೇಡ ಅಂದೆ. ಆ ಎರಡು ಸಾವಿರ ಹಿಡಿದು ಈ ಘೋಷಣೆಗೆ ಹೇಗೆ ಒತ್ತುವುದು?

ಬೇರೆ ದುಡ್ಡು ಇದೆಯಲ್ಲ ಅನ್ನುತ್ತಾರೆ. ಗೃಹಲಕ್ಷ್ಮಿಯ 2,000 ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿರುವವರಿಗೆ. ನಮ್ಮ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಅವರನ್ನು ಹೆಬ್ಬೆಟ್ಟಿಗೆಂದು ಬ್ಯಾಂಕಿಗೆ ಎತ್ತಿಕೊಂಡು ಹೋಗಿ ಬರುವುದು ಒಂದು ತೀರ್ಥಯಾತ್ರೆ. ಅವರ ಎಡಗೈ ಹೆಬ್ಬೆಟ್ಟು ಮೂರು ಸಲ ಒತ್ತಿಸಿದರೂ ಮಷೀನು ಒಪ್ಪಲಿಲ್ಲ. ಕೌಂಟರಿನ ಹುಡುಗ ‘ನಾಳೆ ಬನ್ನಿ’ ಅಂದ.

2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ, ದಿನಕ್ಕೆ 140 ನಿಮಿಷ. ಗಂಡಸರಲ್ಲಿ ನೂರಕ್ಕೆ 21, ಅವರದು 74 ನಿಮಿಷ. ಇಷ್ಟು ಜನ ಮಾಡುವ ಕೆಲಸಕ್ಕೆ ದುಡ್ಡು ಬರುವ ದಾರಿ ಎಲ್ಲಿದೆ ಹೇಳಿ. ಇದ್ದ ಒಂದು ಸಣ್ಣ ಕಿಂಡಿಯಲ್ಲಿ ನಾನು ಕೈ ಹಾಕಿದೆ.

ದಿನಕ್ಕೆ ಮೂರು ಡೈಪರ್. ತಿಂಗಳಿಗೆ 3,000 ಅದಕ್ಕೇ ಸಾಲದು. ಆದರೂ ಎರಡು ವರ್ಷದಲ್ಲಿ 72,000. ಒಂದೊಂದು ಸಲ ತಡವಾಗಿ ಬಂತು, ಬಂತು. ಮದುವೆಯಾದ ಮೇಲೆ ನನ್ನ ಹೆಸರಿನ ಖಾತೆಗೆ ಬಿದ್ದ ಮೊದಲ ದುಡ್ಡು ಅದು. ಅದರಲ್ಲಿ ಗಾಳಿ ತುಂಬುವ ಹಾಸಿಗೆ ತಂದೆ. ಅತ್ತೆಯ ಬೆನ್ನಿನ ಹುಣ್ಣು ಒಂದೂವರೆ ತಿಂಗಳಲ್ಲಿ ಮಾಯಿತು.

ವಿರೋಧ: ಈ ಕೆಲಸಕ್ಕೆ ಆ ಹೆಸರು ಬೇಡ

ನನ್ನಾಕೆಗೆ ಪಾರ್ಕಿನ್ಸನ್ ಬಂದು ಒಂಬತ್ತು ವರ್ಷ. ನಾನು ಐವತ್ಮೂರಕ್ಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತವನು. ಸಂಸಾರಸ್ಥನಾದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮಾಡಿದವನು ಕೂಡ. ಹಾಗಾಗಿ ಮೇಲಿನ ತಾಯಿ ಬರೆದದ್ದರಲ್ಲಿ ನನಗೆ ಹೊಸದೇನೂ ಇಲ್ಲ, ಆ ಹೆಬ್ಬೆಟ್ಟಿನ ಮಷೀನೂ ಸೇರಿ. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಫಾರ್ಮ್ ಪ್ರಕಾರ ಅವರು ಸರಿ. ಆದರೆ ಆ ಫಾರ್ಮಿಗೆ ಸಹಿ ಹಾಕುವಾಗ ನಾವು ಒಪ್ಪಿಕೊಳ್ಳುವುದೇನು ಅಂತ ಸ್ವಲ್ಪ ಯೋಚಿಸಬೇಕು.

ನಮ್ಮಾಕೆಯ ಮಾತ್ರೆ ಗಡಿಯಾರದ ಮುಳ್ಳಿಗೆ ಸರಿಯಾಗಿ ಆಗಬೇಕು. ಅರ್ಧ ಗಂಟೆ ತಡವಾದರೆ ಅಡುಗೆಮನೆ ಹೊಸ್ತಿಲ ಹತ್ತಿರ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತಾಳೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು. ಅನ್ನ ಮೆತ್ತಗೆ ಕಲಸಿ, ಪ್ರತಿ ತುತ್ತೂ ನುಂಗಿದಳಾ ಅಂತ ನೋಡಿ, ಇನ್ನೊಂದು ತುತ್ತು. ಇಷ್ಟು ಮಾಡಿ ಆಮೇಲೆ ‘ನನಗೆ ಉದ್ಯೋಗವಿಲ್ಲ’ ಅಂತ ನಾನೇ ಬರೆದುಕೊಡಬೇಕಾ? ಉದ್ಯೋಗ ಇದೆ ಸ್ವಾಮಿ, ಸಂಬಳ ಇಲ್ಲ ಅಷ್ಟೆ.

ಇದು ಬರೀ ಮಾನ ಅವಮಾನದ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ನಿರುದ್ಯೋಗ ಭತ್ಯೆಯ ಲೆಕ್ಕವೇ ಬೇರೆ. ಹುಡುಗರಿಗೆ ಎರಡು ವರ್ಷದೊಳಗೆ ಏನಾದರೂ ಕೆಲಸ ಸಿಕ್ಕೀತು ಅನ್ನುವ ಅಂದಾಜಿನ ಮೇಲೆ ಅದು ನಿಂತಿದೆ. ಅದಕ್ಕೇ ಎರಡು ವರ್ಷಕ್ಕೆ ನಿಲ್ಲುತ್ತದೆ. ಲಕ್ವ ಎರಡು ವರ್ಷಕ್ಕೆ ನಿಲ್ಲುತ್ತದಾ? ಆ ತಾಯಿಯ ಭತ್ಯೆ ಮುಗಿಯಿತು. ಡೈಪರ್ ಖರ್ಚು ಮುಗಿದಿಲ್ಲ.

ಸರಿಯಾದ ಹೆಸರಿನ ಭತ್ಯೆ ನಮ್ಮ ಕಾನೂನಿನಲ್ಲೇ ಇದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, 24ನೇ ಸೆಕ್ಷನ್. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಅಂತ ಅಲ್ಲಿ ಬರೆದಿದೆ. ಕೇರಳದಲ್ಲಿ ‘ಆಶ್ವಾಸಕಿರಣಂ’ ಅಂತ ಯೋಜನೆ ಇದೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ನಮ್ಮ ರಾಜ್ಯ 2024-25ರ ಬಜೆಟ್‌ನಲ್ಲಿ 1,000 ರೂಪಾಯಿ ಘೋಷಿಸಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ. ದಿನಕ್ಕೆ ಮೂವತ್ಮೂರು ರೂಪಾಯಿ! ನಮ್ಮ ಮನೆಯ ಕಾಯಿಲೆ ಆ ಪಟ್ಟಿಯಲ್ಲಿದೆ. ಲಕ್ವ ಇಲ್ಲ. ಎರಡೂ ಮನೆಯಲ್ಲಿ ಮಗ್ಗುಲು ಬದಲಿಸುವ ಕೆಲಸ ಒಂದೇ, ಅಲ್ವಾ? ನಾವೆಲ್ಲ ಸೇರಿ ಕೇಳಬೇಕಾದ್ದು ಇದು: ಪಟ್ಟಿ ಕಾಯಿಲೆಯ ಹೆಸರು ನೋಡದೆ ಆರೈಕೆಯ ಹೊರೆ ನೋಡಲಿ, ಮೊತ್ತ ಮರ್ಯಾದೆಯಾಗಿರಲಿ. ಲಕ್ವದ ಮನೆಯವರು ಯುವನಿಧಿ ಸಾಲಿನಲ್ಲಿ ನಿಂತು ಹೇಗೋ ಎರಡು ವರ್ಷ ತಳ್ಳಿದರೆ, ಇದನ್ನು ಕೇಳುವವರ ಸಂಖ್ಯೆಯೇ ಕಡಿಮೆಯಾಗುತ್ತದೆ. ಸರ್ಕಾರದ ಲೆಕ್ಕದಲ್ಲಿ ಅವರು ಕೆಲಸ ಸಿಗದ ಯುವಜನ, ಅಷ್ಟೆ.

ಬ್ರಿಟನ್ನಿನ ಕಥೆ ಇಲ್ಲಿ ಹೇಳಲೇಬೇಕು. ನನ್ನ ಮಗಳು ಲೀಡ್ಸ್‌ನಲ್ಲಿದ್ದಾಳೆ. ಅವಳ ವೀಸಾಕ್ಕೆ ಇಂಥ ಯಾವ ಭತ್ಯೆಯೂ ಸಲ್ಲುವುದಿಲ್ಲ, ಆದರೆ ಪಕ್ಕದ ಮನೆಯವರಿಂದ ಕೇಳಿ ಕೇಳಿ ಅವಳಿಗೆ ಎಲ್ಲ ಬಾಯಿಪಾಠ. ಅಲ್ಲಿ 1976ರಲ್ಲೇ ಆರೈಕೆ ಮಾಡುವವರಿಗೆ ಅಂತ ಭತ್ಯೆ ತಂದರು. ಮದುವೆಯಾದ ಹೆಂಗಸರಿಗೆ ಮಾತ್ರ ಇಲ್ಲ ಅಂದರು. ಹೇಗಿದ್ದರೂ ಅವರು ಮನೆಯಲ್ಲೇ ಇರುತ್ತಾರಲ್ಲ ಅನ್ನುವ ಯೋಚನೆ. ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಒಬ್ಬ ಗೃಹಿಣಿ ಯುರೋಪಿನ ಕೋರ್ಟಿನವರೆಗೆ ಹೋದರು. 1986ರಲ್ಲಿ ಗೆದ್ದರು. ಭತ್ಯೆಯ ಹೆಸರೇ ಆರೈಕೆ ಅಂತ ಇದ್ದದ್ದರಿಂದ ‘ಆರೈಕೆ ಮಾಡುವ ನಾನು ಯಾಕೆ ಹೊರಗೆ?’ ಅಂತ ಕೇಳಲು ಅವರಿಗೆ ಸಾಧ್ಯವಾಯಿತು. ಈಗಲೂ ಅಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡುವವರಿಗೆ ಕೆಲಸ ಹುಡುಕು ಅಂತ ಒತ್ತಾಯ ಮಾಡುವುದಿಲ್ಲ.

ಹಾಗಂತ ಅಲ್ಲಿ ಎಲ್ಲ ಚಂದ ಅಂತಲ್ಲ. ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಓದುತ್ತಿದ್ದರೆ ಆ ಭತ್ಯೆ ಇಲ್ಲ. ವಾರದ ಗಳಿಕೆ ಮಿತಿ 2024ರಲ್ಲಿ 151 ಪೌಂಡ್ ಇತ್ತು. ಒಂದು ಪೌಂಡ್ ಜಾಸ್ತಿ ಆದರೂ ಆ ವಾರದ ಭತ್ಯೆ ಪೂರ್ತಿ ಹೋಯಿತು. ಗೊತ್ತಿಲ್ಲದೆ ಮಿತಿ ದಾಟಿದವರಿಗೆ ವರ್ಷಗಳಾದ ಮೇಲೆ ‘ದುಡ್ಡು ವಾಪಸ್ ಕಟ್ಟಿ’ ಅಂತ ನೋಟಿಸು. ಹೀಗೆ ಸಾಲಗಾರರಾದವರು ಒಂದು ಲಕ್ಷಕ್ಕೂ ಹೆಚ್ಚು. ದೊಡ್ಡ ಗಲಾಟೆಯಾದ ಮೇಲೆ, 2025ರ ಏಪ್ರಿಲ್‌ನಿಂದ ಮಿತಿಯನ್ನು 196 ಪೌಂಡ್‌ಗೆ ಏರಿಸಿದರು.

ಅಲ್ಲಿ ಸ್ವಲ್ಪವಾದರೂ ದುಡಿಯಲು ಬಿಟ್ಟಿದ್ದಾರೆ. ಯುವನಿಧಿಯಲ್ಲಿ ಅದೂ ಇಲ್ಲ, ಇರಬೇಕಾಗಿಯೂ ಇಲ್ಲ, ಯಾಕೆಂದರೆ ಅದು ಕೆಲಸ ಇಲ್ಲದವರ ಭತ್ಯೆ. ಮೇಲಿನ ಬರಹದಲ್ಲಿ ನನ್ನನ್ನು ಕಾಡಿದ್ದು ಆ ಹಾರ್ಡ್‌ವೇರ್ ಅಂಗಡಿಯ ಸಾಲುಗಳೇ. ಅತ್ತೆ ಮಧ್ಯಾಹ್ನ ಮಲಗಿದಾಗ, ಮನೆಯಿಂದ ಹೊರಗೆ ಕಾಲಿಡದೆ ಮಾಡಬಹುದಾಗಿದ್ದ ಕೆಲಸ ಅದು. ಕಲಿತ ವಿದ್ಯೆಯ ಕೆಲಸ. ಆರೈಕೆಯ ಭತ್ಯೆ ಸಿಗುತ್ತಿದ್ದರೆ ಅವರು ಅದನ್ನು ಒಪ್ಪಿಕೊಳ್ಳುತ್ತಿದ್ದರು. ಇವತ್ತು ಯಾವ ಆಡಿಟರ್ ಹತ್ತಿರ ಹೋದರೂ ತೋರಿಸಲು ಎರಡು ವರ್ಷದ ಅನುಭವ ಇರುತ್ತಿತ್ತು.