ಆಲ್ಟಮ್ ತರುವ ಮುಂಚೆ ನೀರು ತಯಾರಿರಲಿ

ಅಕ್ವೇರಿಯಂ ಮೀನು ಆಲ್ಟಮ್ ಏಂಜೆಲ್ ಸತ್ತರೆ ನಮ್ಮವರು ನೀರಿನ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಮೇಲೆ ಗೂಬೆ ಕೂರಿಸಿ, ಮರುದಿನ ಆಸಿಡ್ ಬಾಟಲಿ ಹಿಡಿದು ಬರುತ್ತಾರೆ. ಅದು ದಂಡ. ಬೋರ್‌ವೆಲ್ ನೀರಿನ ಕಾರ್ಬೊನೇಟ್ ಆಸಿಡ್ ನುಂಗಿಹಾಕುತ್ತದೆ, ಇಳಿದ ಪಿಎಚ್ ಮತ್ತೆ ಏರುತ್ತದೆ. ಈ ಏರಿಳಿತವೇ ಮೀನಿಗೆ ಕಂಟಕ.

ಆಲ್ಟಮ್ ತವರಾದ ವೆನಿಜುವೆಲಾ–ಕೊಲಂಬಿಯಾ ಗಡಿಯ ಅಟಬಾಪೊ ನದಿಯ ಕಪ್ಪುನೀರಲ್ಲಿ (ಕೊಳೆತ ಎಲೆಯ ಬಣ್ಣ ಬಿಟ್ಟ ನೀರು) ಖನಿಜಾಂಶ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ 5ರ ಆಸುಪಾಸು. ಬ್ಯಾಕ್ಟೀರಿಯಾ ಕೂಡ ಕಮ್ಮಿ. ಅಲ್ಲಿ ಹಿಡಿದ ಮೀನನ್ನು ಗಡಸುನೀರಿಗೆ ಬಿಟ್ಟರೆ ರೆಕ್ಕೆ ಕೊಳೆಯಬಹುದು, ಕಣ್ಣು ಮಂಜಾಗಬಹುದು.

ಹಾಗಾಗಿ ಮೆಂಬ್ರೇನ್ ಮೂಲಕ ಲವಣ ಸೋಸಿ ತೆಗೆದ ಆರ್‌ಒ ನೀರೇ ಬೇಕು. ಅಡುಗೆಮನೆ ಯಂತ್ರದ ನಲ್ಲಿ ನೀರನ್ನು ನಂಬಬೇಡಿ. ಬಹಳಷ್ಟರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ, ತೆಗೆದ ಲವಣವನ್ನು ವಾಪಸ್ ಸೇರಿಸುತ್ತದೆ. ಮೆಂಬ್ರೇನ್ ದಾಟಿದ ಕೂಡಲೇ ಪೈಪಿಗೆ ಕವಲು ಹಾಕಿಸಿ. ಟಿಡಿಎಸ್ 30 ಪಿಪಿಎಂ ದಾಟಬಾರದು, ಕಾರ್ಬೊನೇಟ್ ಎಷ್ಟಿದೆ ಎಂದು ಹೇಳುವ ಕೆಎಚ್ ಸೊನ್ನೆ ಇರಲಿ. 40 ಲೀಟರಿಗೊಂದು ದೊಡ್ಡ ಒಣ ಕಾಡುಬಾದಾಮಿ ಎಲೆ ಹಾಕಿ ಶುರುಮಾಡಿ, ಪಿಎಚ್ ತಾನೇ ಇಳಿಯುತ್ತದೆ. ರಸ್ತೆಬದಿ ಮರದ್ದಾದರೂ ಆದೀತು, ಔಷಧಿ ಹೊಡೆದಿರಬಾರದು ಅಷ್ಟೆ. ಗಡಸುನೀರಿಗೆ ಬುಟ್ಟಿಗಟ್ಟಲೆ ಎಲೆ ಸುರಿದರೂ ಬಣ್ಣ ಬರುತ್ತದೆ, ಪಿಎಚ್ ಜಗ್ಗುವುದಿಲ್ಲ.

ಆರು ಮೀನಿಗೆ 4×2×2 ಅಡಿ ಟ್ಯಾಂಕ್, ಶಾಖ 28–30 ಡಿಗ್ರಿ, ಮಂದ ಬೆಳಕು. ಮೊದಲು ಪ್ರತ್ಯೇಕ ಟ್ಯಾಂಕಿನಲ್ಲಿ ಆರು ವಾರ ಇಡಿ. ವ್ಯಾಪಾರಿಯ ನೀರಿನ ಟಿಡಿಎಸ್, ಪಿಎಚ್ ಕೇಳಿಕೊಂಡು ಅದಕ್ಕೆ ಹೊಂದುವ ನೀರು ಮೊದಲೇ ತಯಾರಿಟ್ಟು, ಬಳಿಕ ವಾರಗಟ್ಟಲೆ ತೆಗೆದುಕೊಂಡು ಮೇಲೆ ಹೇಳಿದ ಆರ್‌ಒ ನೀರಿಗೆ ಬದಲಿಸಿ. ದೂರದಿಂದ ಬಂದ ಮೀನಿನ ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿಹನಿ ನೀರು ಬಿಡುವ ಪದ್ಧತಿ ಇಲ್ಲಿ ಬೇಡ. ಚೀಲದೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋದರೆ ಪಿಎಚ್ ಏರಿ, ಅಲ್ಲಿಯವರೆಗೆ ನಿರುಪದ್ರವಿಯಾಗಿದ್ದ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ.

ಇದೇ ಅಪಾಯ ಟ್ಯಾಂಕಿನಲ್ಲೂ ಇದೆ. ಪಿಎಚ್ 5.5ಕ್ಕಿಂತ ಕೆಳಗೆ ಫಿಲ್ಟರಿನ ಬ್ಯಾಕ್ಟೀರಿಯಾ ಬಹಳ ನಿಧಾನ, ಅಮೋನಿಯಂ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ. ಆರ್‌ಒ ಕೆಟ್ಟಿತೆಂದು ಒಂದು ದಿನ ನಲ್ಲಿ ನೀರು ಸುರಿದರೆ ಪಿಎಚ್ ಏರಿ ಅಷ್ಟೂ ವಿಷವಾಗಿ, ಮೀನು ಮೇಲೆ ಬಂದು ಏದುಸಿರು ಬಿಡುತ್ತವೆ. ಆದ್ದರಿಂದ ಆಹಾರ ಮಿತವಾಗಿರಲಿ. ವಾರಕ್ಕೆರಡು ಸಲ ಶೇ. 15ರಷ್ಟು ನೀರನ್ನು ಅದೇ ಟಿಡಿಎಸ್, ಅದೇ ಶಾಖದ ನೀರಿನಿಂದಲೇ ಬದಲಿಸಿ. ಮೊದಲ ದಿನಗಳಲ್ಲಿ ಒಣ ಆಹಾರ ಮೂಸದಿದ್ದರೆ ಸೊಳ್ಳೆಮರಿ, ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಕೊಡಿ. ಮಲ ಬಿಳಿ ದಾರದಂತೆ ಎಳೆಯುತ್ತಿದ್ದು ಮೈ ಕಪ್ಪಾದರೆ ಕರುಳಿನ ಪರೋಪಜೀವಿ ಇರಬಹುದು. ಆಹಾರದಲ್ಲಿ ಮೆಟ್ರೊನಿಡಜೋಲ್ ಔಷಧಿ ಬೆರೆಸುವ ಹೊತ್ತು.

ಇಷ್ಟು ರಗಳೆ ಆಗದಿದ್ದರೆ ‘ಪೆರು ಆಲ್ಟಮ್’ ಎಂದು ಮಾರುವ ಮೀನಿಗೂ ಆಲ್ಟಮ್ ದುಡ್ಡು ಸುರಿಯಬೇಡಿ. ಅದು ಸಾಮಾನ್ಯ ಏಂಜೆಲ್‌ನದೇ ಸ್ಕಲಾರೆ ಜಾತಿ. ಅಸಲಿ ಆಲ್ಟಮ್‌ಗೆ ಮೂತಿಯ ಮೇಲೆ ಸ್ಪಷ್ಟ ತಗ್ಗು ಇರುತ್ತದೆ. ಟ್ಯಾಂಕಿನಲ್ಲೇ ಹುಟ್ಟಿದ ಸಾಮಾನ್ಯ ಏಂಜೆಲ್ ಆದರೆ ನಲ್ಲಿ ನೀರಿಗೂ ಒಗ್ಗುತ್ತದೆ, ಕ್ಲೋರಿನ್ ತೆಗೆದರೆ ಸಾಕು.