ದುರ್ಗಕ್ಕೂ ಒಂದು ಮುಯ್ಯಿ ಬರೆಯಿರಿ

ಚಿತ್ರದುರ್ಗದ ಸಂತೆ ಹೊಂಡದ ಹತ್ತಿರ ನಾವು ಕೂರುವ ಮಂಡಕ್ಕಿ ಅಂಗಡಿಯಲ್ಲಿ ಸಂಜೆ ಆರಾದ ಮೇಲೆ ದೇಶದ ಬಜೆಟ್ ಮೇಲೆ ಚರ್ಚೆ ಶುರುವಾಗುತ್ತದೆ. ಮೊನ್ನೆ ರಿಟೈರ್ಡ್ ಮೇಷ್ಟ್ರು ಮೆಣಸಿನಕಾಯಿ ಕಚ್ಚಿದರು. ಖಾರಕ್ಕೋ ಸಿಟ್ಟಿಗೋ ಕಣ್ಣಲ್ಲಿ ನೀರು ಬಂತು. "ನಮ್ಮ ತೆರಿಗೆ ದುಡ್ಡನ್ನೆಲ್ಲ ಭೂತಾನಕ್ಕೆ ಹೊತ್ತು ಹಾಕ್ತಾರೆ ಕಣ್ರೀ" ಎಂದರು.

ಎಷ್ಟು ಹೋಗುತ್ತೆ ಅಂತ ಕೇಳಿದೆ. "ಕಾಲು ಭಾಗ ಅಂತೂ ಗ್ಯಾರಂಟಿ" ಎಂದರು. ಪಕ್ಕದಲ್ಲಿದ್ದ ಅಡಿಕೆ ಸಾಹುಕಾರರಿಗೆ ಅದು ಕಡಿಮೆ ಅನ್ನಿಸಿತು. ಅರ್ಧಕ್ಕೆ ಏರಿಸಿದರು. ಎಪಿಎಂಸಿಯಲ್ಲೂ ಇಷ್ಟು ಬೇಗ ಹರಾಜು ಏರುವುದಿಲ್ಲ.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಅಮೆರಿಕದವರೂ ಹೀಗೇ. ಬಜೆಟ್ಟಿನ ಕಾಲು ಭಾಗ ಹೊರದೇಶಗಳ ನೆರವಿಗೆ ಹೋಗುತ್ತದೆ ಅಂತ ಅಲ್ಲಿನ ಜನ ಸಮೀಕ್ಷೆಗಳಲ್ಲಿ ಹೇಳುತ್ತಾ ಬಂದಿದ್ದಾರೆ. ನಿಜವಾಗಿ ಹೋಗುತ್ತಿದ್ದದ್ದು ನೂರಕ್ಕೆ ಸುಮಾರು ಒಂದು. ಆ ಒಂದನ್ನು ಉಳಿಸೋಕೆ ಅಂತ, 1961ರಿಂದ ಆ ನೆರವು ಹಂಚುತ್ತಿದ್ದ ಯುಎಸ್‌ಎಐಡಿ ಸಂಸ್ಥೆಗೆ 2025ರಲ್ಲಿ ಬೀಗ ಹಾಕಿದರು. ಮನೆ ಸಾಲ ತೀರಿಸಬೇಕು ಅಂತ ಕಾಗೆಗೆ ಇಡೋ ಅನ್ನ ನಿಲ್ಲಿಸಿದ ಹಾಗೆ.

ನಮ್ಮ ಲೆಕ್ಕ ಇನ್ನೂ ಮಜಾ. 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ ರೂಪಾಯಿ. ವಿದೇಶಾಂಗ ಇಲಾಖೆಗೆ ಇಟ್ಟದ್ದು 20,516 ಕೋಟಿ. ರಾಯಭಾರ ಕಚೇರಿ, ಸಂಬಳ, ಪಾಸ್‌ಪೋರ್ಟು ಎಲ್ಲ ಅದರಲ್ಲೇ. ಬೇರೆ ದೇಶಗಳಿಗೆ ಕೊಡೋ ನೆರವು 5,483 ಕೋಟಿ. ಅಂದರೆ ಸಾವಿರ ರೂಪಾಯಿಗೆ ಒಂದು ರೂಪಾಯಿ ಚಿಲ್ಲರೆ. ಅಂಗಡಿಯವನು ಕೊಸರು ಅಂತ ಹಾಕೋ ಮಂಡಕ್ಕಿಯೇ ಇದಕ್ಕಿಂತ ಜಾಸ್ತಿ. ಈ ಇಲಾಖೆಗೆ ದುಡ್ಡು ಸಾಲದು ಅಂತ ಸಂಸತ್ತಿನ ಸ್ಥಾಯಿ ಸಮಿತಿ ಬರೆದು ಬರೆದು ಸುಸ್ತಾಗಿದೆ. ವಿಶ್ವಗುರು ಆಗೋಕೆ ಹೊರಟಿದ್ದೇವೆ, ಸೀಮೆಸುಣ್ಣಕ್ಕೆ ಕಾಸಿಲ್ಲ.

ಅಷ್ಟಕ್ಕೂ ಇದನ್ನು ನೆರವು ಅಂತ ಕರೆದವರು ಯಾರೋ! ಇದು ಮುಯ್ಯಿ. ಇದೇ ಮೇಷ್ಟ್ರು ಭೀಮಸಮುದ್ರದ ಮದುವೆಗೆ ಬಾಡಿಗೆ ಕಾರು ಮಾಡಿಕೊಂಡು ಹೋಗಿ 501 ರೂಪಾಯಿ ಬರೆಸಿ ಬಂದವರು. ಪುಸ್ತಕದಲ್ಲಿ ತಮ್ಮ ಹೆಸರು, ಇನಿಷಿಯಲ್ ಸರಿಯಾಗಿ ಬಿತ್ತೋ ಇಲ್ಲವೋ ಅಂತ ಬಗ್ಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ಅವರ ಮಗಳ ಮದುವೆಗೆ ಆ ದುಡ್ಡು ವಾಪಸ್ ಬರಬೇಕು, 600 ಆಗಿ ಬಂದರೆ ಸಂತೋಷ. ಭೂತಾನಕ್ಕೆ ಬರೆಸಿದ 2,150 ಕೋಟಿಯೂ ಇದೇ ಜಾತಿಯದು. ನಾವು ದುಡ್ಡು ಹಾಕಿ ಅಲ್ಲಿ ಕಟ್ಟಿಸಿದ ಚುಖಾ, ತಾಲಾ ಜಲವಿದ್ಯುತ್ ಯೋಜನೆಗಳ ಕರೆಂಟನ್ನು ಅವರು ಮಾರೋದೂ ನಮಗೇ.

ಮಾಲ್ಡೀವ್ಸ್ ಕತೆಯಂತೂ ಪಕ್ಕಾ ನಮ್ಮ ಬೀಗರ ಮನೆಯದು. 'ಇಂಡಿಯಾ ಔಟ್' ಅಂತ ಕೂಗಿದವರು 2023ರಲ್ಲಿ ಅಲ್ಲಿ ಚುನಾವಣೆ ಗೆದ್ದರು. ನಮ್ಮ ಸೈನಿಕರನ್ನು ವಾಪಸ್ ಕಳಿಸಿದರು. ಆಮೇಲೆ 2025-26ರ ಬಜೆಟ್ಟಿನಲ್ಲಿ ಅವರ ಮುಯ್ಯಿ 470 ಕೋಟಿಯಿಂದ 600 ಕೋಟಿಗೆ ಏರಿತು. ಮುನಿಸಿಕೊಂಡ ಬೀಗರ ಎಲೆಗೆ ಎರಡು ಹೋಳಿಗೆ ಜಾಸ್ತಿ ಹಾಕೋದು ನಮ್ಮಲ್ಲಿ ಮೊದಲಿಂದ ಇದೆ ಅಲ್ವಾ?

ಇಷ್ಟನ್ನೆಲ್ಲ ಹೇಳಿ ಮೇಷ್ಟ್ರ ಬಾಯಿ ಮುಚ್ಚಿಸಿದೆ ಅಂತ ಬೀಗುತ್ತಿದ್ದೆ. ಅಷ್ಟರಲ್ಲಿ ಸಾಹುಕಾರರು ಕೈಯಲ್ಲಿದ್ದ ಮಂಡಕ್ಕಿಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿದರು. "ಅಲ್ರೀ, ಎಲ್ಲಾ ದೇಶಕ್ಕೂ ಸೇರಿ 5,483 ಕೋಟಿ ಅಂದ್ರಲ್ಲ, ನಮ್ಮ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಎಷ್ಟು ಅಂದಿದ್ರು?"

5,300 ಕೋಟಿ. 2023ರ ಫೆಬ್ರವರಿ 1ರಂದು ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅವರೇ ಓದಿ ಹೇಳಿದ್ದು. ಬರದ ಮಧ್ಯ ಕರ್ನಾಟಕಕ್ಕೆ ಸೂಕ್ಷ್ಮ ನೀರಾವರಿ, ಕುಡಿಯೋಕೆ ಕೆರೆ ತುಂಬಿಸೋದು. ಮೂರು ತಿಂಗಳಿಗೆ ಇಲ್ಲಿ ವಿಧಾನಸಭೆ ಚುನಾವಣೆ ಬಂತು, ಹೋಯಿತು. ಕಾಸು ಎಲ್ಲಿ ಅಂತ ಕೇಳಿದರೆ ಬೆಂಗಳೂರಿನವರು ದೆಹಲಿ ಕಡೆ ಕೈ ತೋರಿಸುತ್ತಾರೆ, ದೆಹಲಿಯವರು ಬೆಂಗಳೂರಿನ ಕಡೆ. ಎರಡೂ ಕೈ ನಮ್ಮ ತಲೆಯ ಮೇಲಿಂದಲೇ ಹೋಗುತ್ತವೆ.

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಎಣ್ಣೆ ಕಾಯೋ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಮೇಷ್ಟ್ರು ಎದ್ದು ನಿಂತರು. "ದುರ್ಗ ಬೇರೆ ದೇಶ ಆಗಬೇಕು. ಪಟ್ಟಿಯಲ್ಲಿ ಭೂತಾನದ ಕೆಳಗೆ ನಮ್ಮ ಹೆಸರು ಬರೆಸೋಣ."

ತಯಾರಿ ಬಹುಪಾಲು ಆಗಿಯೇ ಇದೆ. ಗಡಿಗೆ ಏಳು ಸುತ್ತಿನ ಕೋಟೆ ಇದೆ. ರಕ್ಷಣಾ ಇಲಾಖೆಗೆ ಒನಕೆ ಇದೆ, ಹೊರದೇಶದಿಂದ ಖರೀದಿ ಮಾಡೋ ರಗಳೆ ಇಲ್ಲ. ದೇಶ ಒಡೆಯೋ ಅನುಭವವೂ ಇದೆ, 1997ರಲ್ಲಿ ದಾವಣಗೆರೆಯನ್ನು ಬೇರೆ ಮಾಡಿ ಕೊಟ್ಟವರು ನಾವು. ಮೊದಲ ರಾಯಭಾರಿ ಅಲ್ಲಿಗೇ ಹೋಗಲಿ, ಬೆಣ್ಣೆ ದೋಸೆ ತಿಂದು ಮಾತುಕತೆ ಮುಗಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬರಬಹುದು. ಭತ್ಯೆಯೂ ಉಳಿಯುತ್ತದೆ.

ತೊಡಕು ಒಂದೇ. 'ಇಂಡಿಯಾ ಔಟ್' ಅಂತ ಕೂಗೋಕೆ ಯಾರೂ ಒಪ್ಪಲಿಲ್ಲ. ಸಾಹುಕಾರರ ಮಗ ಮಿಲಿಟರಿಯಲ್ಲಿದ್ದಾನೆ. ಮೇಷ್ಟ್ರು ಮೂವತ್ತು ವರ್ಷ ಜನಗಣಮನ ಹಾಡಿಸಿದವರು. ಕೊನೆಗೆ ಒಂದು ರಾಜಿ ಸೂತ್ರ ಹೊರಟಿತು. ಒಂದೇ ಒಂದು ಹಣಕಾಸು ವರ್ಷ ಬೇರೆ ಇರೋಣ. ದುಡ್ಡು ಬಿಡುಗಡೆಯಾದ ಕೂಡಲೇ, ತಪ್ಪಿದರೆ ಮಾರ್ಚ್ 31ಕ್ಕೆ, ಸುಮ್ನೆ ವಾಪಸ್ ಸೇರಿಕೊಳ್ಳೋಣ.

ಎಲ್ಲರೂ ತಲೆ ಆಡಿಸಿದರು. ಅಂಗಡಿಯವನು ಮಾತ್ರ ಗಲ್ಲಾಪೆಟ್ಟಿಗೆ ಕೆಳಗಿಂದ ಎಣ್ಣೆ ಜಿಡ್ಡಿನ ನೋಟ್‌ಬುಕ್ ತೆಗೆದ. "ಮೇಷ್ಟ್ರೇ, ನಿಮ್ಮದು ಹಳೇದು 85 ರೂಪಾಯಿ ಇದೆ. ನೀವು ಫಾರಿನ್ನೋರಾದ್ರೆ ವಸೂಲಿ ಕಷ್ಟ. ಈಗ್ಲೇ ಕೊಟ್ಟುಬಿಡಿ."