ಅಡ್ಜಸ್ಟ್ ಆಗ್ತವೆ ಸಾರ್

ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರು ಬದಲಾಯಿಸುವಾಗ ಮೀನು ನನ್ನ ಬೆರಳು ಕಚ್ಚಿತು. ನನ್ನ ಬೆರಳಿನಷ್ಟೇ ಉದ್ದದ ಮೀನು. ನೋವಿಗಿಂತ ಅವಮಾನವೇ ಜಾಸ್ತಿ ಆಯಿತು. ಬುಗುಡನಹಳ್ಳಿ ಕೆರೆಯಿಂದ ಬರುವ ನಲ್ಲಿ ನೀರನ್ನು ಹಿಂದಿನ ದಿನವೇ ಬಕೆಟ್ಟಿಗೆ ತುಂಬಿ, ಕ್ಲೋರಿನ್ ಹೋಗಲಿ ಅಂತ ಒಂದು ರಾತ್ರಿ ಬಿಟ್ಟು, ಸೊಂಟ ಹಿಡಿದುಕೊಂಡು ಸುರಿಯುವವನು ನಾನು. ಊಟ ಹಾಕುವವನೂ ನಾನೇ.

"ಅದಕ್ಕೆ ನೀವ್ಯಾರು ಅಂತ ಗೊತ್ತಿಲ್ಲ ಬಿಡಿ" ಅಂದಳು ಹೆಂಡತಿ. ಚೆನ್ನಾಗಿ ಗೊತ್ತಿದೆ. ಊಟದ ಡಬ್ಬಿ ಅಲ್ಲಾಡಿಸಿದರೆ ಸಾಕು, ಗಾಜಿಗೆ ಮೂತಿ ಒತ್ತಿಕೊಂಡು ನಿಲ್ಲುತ್ತದೆ.

ತಪ್ಪೆಲ್ಲ ಅಂಗಡಿ ಹುಡುಗನದು. ನಮ್ಮ ಮೂರಡಿ ತೊಟ್ಟಿಯಲ್ಲಿ ಎರಡು ಏಂಜಲ್ ಮೀನುಗಳು ಮದುವೆ ಮನೆಯ ಹಿರಿಯರ ಹಾಗೆ ನಿಧಾನವಾಗಿ ಓಡಾಡಿಕೊಂಡಿದ್ದವು. ಅದಕ್ಕೇ ಈ ಕಪ್ಪು ಪಟ್ಟೆಯ ಜೋಡಿಯನ್ನೂ ಸೇರಿಸಬಹುದಾ ಅಂತ ಕೇಳಿದೆ. "ಅಡ್ಜಸ್ಟ್ ಆಗ್ತವೆ ಸಾರ್" ಅಂದ. ಬೆಂಗಳೂರು ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಬರುವವನು ಹೇಳುವುದೂ ಇದನ್ನೇ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅವನು ಆರಾಮಾಗಿ ಕಾಲು ಚಾಚಿರುತ್ತಾನೆ, ನಾವು ಅರ್ಧ ಸೀಟಿನಲ್ಲಿ ನೇತಾಡುತ್ತಿರುತ್ತೇವೆ. ಅಡ್ಜಸ್ಟ್ ಅಂದವನು ತಾನು ಅಡ್ಜಸ್ಟ್ ಆಗಿದ್ದನ್ನು ನಾನಂತೂ ಇಲ್ಲಿಯವರೆಗೆ ನೋಡಿಲ್ಲ.

ಹುಡುಗ ಇದನ್ನು ಚಿಕ್ಲಿಡ್ ಅಂದಿದ್ದ. ಸಿಕ್ಲಿಡ್ ಅನ್ನಬೇಕಂತೆ. ಸಿಕ್ಕಿದ್ದನ್ನೆಲ್ಲ ಕಚ್ಚುವುದಕ್ಕೆ ಹೆಸರು ಸರಿಯಾಗಿಯೇ ಇದೆ. ಮಧ್ಯ ಅಮೆರಿಕದ ಮೀನು. ಆ ಪಟ್ಟೆ ನೋಡಿ ಇಂಗ್ಲಿಷಿನವರು ಕನ್ವಿಕ್ಟ್, ಅಂದರೆ ಕೈದಿ ಅಂತಲೇ ಹೆಸರಿಟ್ಟಿದ್ದಾರೆ. ಅದೊಂದನ್ನು ಮಾತ್ರ ಹುಡುಗ ಹೇಳಲಿಲ್ಲ. ಬಾಯಲ್ಲಿರುವ ದವಡೆ ಸಾಲದು ಅಂತ ಇವುಗಳ ಗಂಟಲೊಳಗೆ ಇನ್ನೊಂದು ದವಡೆ ಬೇರೆ ಇದೆ. ಸೈಟು ಮಾರುವವರ ಆಫೀಸುಗಳಲ್ಲಿ ಅದೃಷ್ಟಕ್ಕೆ ಅಂತ ಇಡುವ, ತಲೆ ಮೇಲೆ ಗುಬುಟಿರುವ ಫ್ಲವರ್‌ಹಾರ್ನ್ ಕೂಡ ಇದೇ ಜಾತಿ. 1990ರ ದಶಕದಲ್ಲಿ ಮಲೇಷ್ಯಾದವರು ತಳಿ ಬೆರೆಸಿ ಮಾಡಿದ ಮೀನು ಅದು. ಯಾವ ನದಿಯದ್ದೂ ಅಲ್ಲ. ಆದರೂ ಅದನ್ನು ತೊಟ್ಟಿಯಲ್ಲಿ ಒಂಟಿಯಾಗಿಯೇ ಇಡಬೇಕು, ಪಕ್ಕದಲ್ಲಿ ಯಾರೂ ಇರಕೂಡದು. 1952ರಲ್ಲಿ ನಮ್ಮ ದೇಶಕ್ಕೆ ಬಂದ, ಆಫ್ರಿಕಾ ಮೂಲದ ಜಿಲೇಬಿ ಮೀನೂ ಇದೇ ಮನೆತನದ್ದು. ಅಷ್ಟೇ ಯಾಕೆ, ನಮ್ಮ ಸಾಧು ಏಂಜಲ್ ಕೂಡ ಸಿಕ್ಲಿಡ್ಡೇ. ಅಂದರೆ ನನ್ನ ತೊಟ್ಟಿಯಲ್ಲಿ ನಡೆಯುತ್ತಿರುವುದು ದಾಯಾದಿ ಜಗಳ. ಇದರಿಂದ ನನಗೊಂದು ವಿಚಾರ ಹೊಳೆದಿದೆ, ಆಮೇಲೆ ಹೇಳುತ್ತೇನೆ.

ಜೋಡಿ ಬಂದ ವಾರದಲ್ಲೇ ನಾನು ಕುದಿಸಿ, ಕೆರೆದು, ಬಾಗಿಲು ಕೊರೆದು ಇಟ್ಟಿದ್ದ ತೆಂಗಿನ ಕರಟವನ್ನು ಹಿಡಿದುಕೊಂಡಿತು. ಆಮೇಲೆ ಅದರ ಮುಂದಿನ ಜಲ್ಲಿಯನ್ನು ಬಾಯಲ್ಲಿ ಕಚ್ಚಿ ಕಚ್ಚಿ ಆಚೆ ಉಗುಳಿ ಅಂಗಳ ಮಾಡಿಕೊಂಡಿತು. ಏಂಜಲ್‌ಗಳು ಮೇಲಿನ ಮೂಲೆಗೆ ಹೋದವು. ಒಂದರ ಉದ್ದನೆಯ ರೆಕ್ಕೆ ಹಳೇ ಕೊಡೆಯ ಬಟ್ಟೆಯಂತಾಯಿತು. ಮೀನು ಸಾಕುವ ಗೆಳೆಯರೊಬ್ಬರು ಉಪಾಯ ಹೇಳಿದರು: "ಕಲ್ಲು, ಕರಟ ಎಲ್ಲ ಎತ್ತಿ ಜಾಗ ಬದಲಾಯಿಸಿ. ಗುರುತು ಹೋದರೆ ತನ್ನ ಗಡಿ ಯಾವುದು ಅಂತಲೇ ಅದಕ್ಕೆ ತಿಳಿಯಲ್ಲ. ಜಗಳ ನಿಲ್ಲುತ್ತೆ."

ಕಲ್ಲು ಸರಿಸಿದರೆ ಜಗಳ ನಿಲ್ಲುತ್ತದಂತೆ! ಗುಬ್ಬಿ ಕಡೆಯ ನಮ್ಮ ಹಳ್ಳಿಯಲ್ಲಿ ಜಗಳ ಶುರುವಾಗಿದ್ದೇ ಕಲ್ಲು ಸರಿದದ್ದರಿಂದ. ತಮ್ಮ ರಾತ್ರೋರಾತ್ರಿ ಬಾಂದುಕಲ್ಲನ್ನು ಒಂದು ಗೇಣು ಈಚೆಗೆ ನೆಟ್ಟಿದ್ದಾನೆ ಅಂತ ದೊಡ್ಡಪ್ಪ. ಮಳೆಗೆ ತಾನಾಗಿ ವಾಲಿದ್ದು ಅಂತ ಚಿಕ್ಕಪ್ಪ. ಸರ್ವೆಯವರು ಬಂದು, ಕೋಳಿ ಸಾರು ಉಂಡು, ಸರಪಳಿ ಹಿಡಿದು ಅಳೆದರು. ಗೆರೆ ನೆಟ್ಟಗೆ ಬದುವಿನ ತೆಂಗಿನ ಮರದ ನಡುವೆ ಹಾಯಿತು. ಆಮೇಲೆ ಮರ ಹತ್ತಿಸಲು ಇವರಿಗೆ ಅವರು ಬಿಡಲಿಲ್ಲ, ಅವರಿಗೆ ಇವರು ಬಿಡಲಿಲ್ಲ. ಕಾಯಿ ಯಾರ ಕಡೆ ಬೀಳುತ್ತದೋ ಅದು ಅವರದು ಅಂತ ಊರವರು ತೀರ್ಮಾನ ಮಾಡಿದರು. ಮರ ದೊಡ್ಡಪ್ಪನ ಕಡೆಗೆ ವಾಲಿತ್ತು. "ಬೀಳೋದರ ಲೆಕ್ಕ ಬೇಡ, ಬೇರಿನ ಲೆಕ್ಕ ಹಾಕಿ" ಅಂತ ಚಿಕ್ಕಪ್ಪ ಮೂರು ಯುಗಾದಿ ಕಳೆದರೂ ಕೂಗಾಡುತ್ತಿದ್ದರು.

ರಜಕ್ಕೆ ಹೋದಾಗ ನಾನೇ ಟಾರ್ಚು ಹಿಡಿಯುವವನು. ಗಾಳಿ ಬೀಸಿ "ಧಡ್" ಅಂತ ಸದ್ದಾದರೆ ದೊಡ್ಡಪ್ಪ ಎದ್ದು ಪಂಚೆ ಸುತ್ತಿಕೊಳ್ಳುತ್ತಾ ಓಡುತ್ತಿದ್ದರು. ಅತ್ತ ಕಡೆಯಿಂದ ಇನ್ನೊಂದು ಟಾರ್ಚು ಬರುತ್ತಿತ್ತು. ಕಾಯಿ ಬದುವಿನ ಮೇಲೇ ನಿಂತ ಒಂದು ರಾತ್ರಿ ಇಬ್ಬರೂ ಅದರ ಎರಡು ಪಕ್ಕ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದರು. ಮಾತಿಲ್ಲ. ನಾನು ನಿದ್ದೆಗಣ್ಣಲ್ಲಿ ತೂಗಾಡುತ್ತಿದ್ದೆ. ಆ ಕಾಯಿ ಕೊನೆಗೆ ಯಾರಿಗೆ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಮ್ಮ, ಚಿಕ್ಕಮ್ಮ ಮಾತ್ರ ಅದೇ ಬದುವಿನ ಮೇಲೆ ದಿನಾ ಸೊಪ್ಪಿನ ಸಾರು ಬದಲಾಯಿಸಿಕೊಳ್ಳುತ್ತಿದ್ದರು. ಮುಂದೆ ನುಸಿ ರೋಗ ಬಂತು. ಕಾಯಿ ಸೊಟ್ಟಗಾಗಿ ನಿಂಬೆಹಣ್ಣಿನಷ್ಟಕ್ಕೆ ನಿಂತವು. ಬಿದ್ದರೆ ಸದ್ದೂ ಕೇಳುತ್ತಿರಲಿಲ್ಲ. ಟಾರ್ಚು ಮಾತ್ರ ದಿಂಬಿನ ಪಕ್ಕದಲ್ಲೇ ಇತ್ತು.

ಹಾಂ, ಮೀನು. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಗೆಳೆಯರು ಹೇಳಿದ ಹಾಗೆ ಮೊದಲು ಕಲ್ಲುಗಳನ್ನು ಎತ್ತಿದೆ. ಆಮೇಲೆ ಕರಟ. ಮಗುಚಿ ನೋಡಿದರೆ ಒಳಗಡೆ ಸಾಸಿವೆಯಂಥ ಮೊಟ್ಟೆಗಳು ಒತ್ತಾಗಿ ಅಂಟಿಕೊಂಡಿದ್ದವು. ಒಂದೆರಡು ಬೆಳ್ಳಗೆ ಕೆಟ್ಟಿದ್ದವು. ಕೆಳಗೆ ಆ ಎರಡು ಮೀನೂ ಬರೀ ಜಾಗದಲ್ಲಿ ಗಿರಕಿ ಹೊಡೆಯುತ್ತಿದ್ದವು. ಗಂಡೋ ಹೆಣ್ಣೋ, ಒಂದು ಬಂದು ನನ್ನ ಮಣಿಕಟ್ಟಿಗೆ ಗುದ್ದಿತು.

ಕರಟವನ್ನು ಇದ್ದಲ್ಲೇ ಇಟ್ಟೆ. ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ. ಏಂಜಲ್‌ಗಳನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ, ಏರ್ ಪಂಪಿನ ಪೈಪು ಇಳಿಬಿಟ್ಟು ಬಚ್ಚಲಿನಲ್ಲಿ ಇಟ್ಟಿದ್ದೇನೆ. ಮೊಟ್ಟೆ ಒಡೆಯಲು ಮೂರು ದಿನವಂತೆ. ಮರಿ ಈಜಲು ಇನ್ನೊಂದು ಐದಾರು ದಿನ. ಅಪ್ಪ ಅಮ್ಮ ಇಬ್ಬರೂ ಕಾವಲಿಗೆ ನಿಲ್ಲುತ್ತವಂತೆ, ನನ್ನ ಕೈ ಇನ್ನು ಅತ್ತ ಹೋಗುವ ಹಾಗಿಲ್ಲ. ದಾಯಾದಿಗಳ ವಿಷಯದಲ್ಲಿ ನನಗೆ ಹೊಳೆದದ್ದು ಏನಪ್ಪಾ ಅಂದರೆ...

"ರೀ, ಈ ಬಕೆಟ್ ಯಾವಾಗ ಖಾಲಿ ಮಾಡ್ತೀರಿ? ನಾನು ಸ್ನಾನ ಮಾಡೋದು ಬೇಡ್ವಾ?"

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದೆ. ಅನ್ನಬಾರದಿತ್ತು.